ವೀಸಾ ಯಾರ ಹೆಸರಲ್ಲಿ?

"ನಿಮಗೆ ಹೆಂಡತಿ ಬೇಕಾ? ಅಥವಾ ನನ್ನ ಪಪ್ಪನ ಮಾತು ಮೀರ್ಲಿಕ್ಕಾಗದೆ ಬಂದದ್ದಾ?"

ದೋಹಾದ ಸೂಕ್ ವಾಕಿಫ್ ಮಾರುಕಟ್ಟೆಯ ಚಹಾದಂಗಡಿಯಲ್ಲಿ ಎದುರು ಕುಳಿತ ಸುಶಾಂತನಿಗೆ ಅಶ್ವಿತಾ ಕೇಳಿದ ಮೊದಲ ಪ್ರಶ್ನೆ ಅದು.

ಎರಡು ವರ್ಷ! ಇಲ್ಲಿನ ತುಳುವರು ಆಡುವ ನಾಟಕಗಳಲ್ಲಿ ಅವನ ಹಾಸ್ಯಕ್ಕೆ ಸಭೆಯೆಲ್ಲ ನಗುವಾಗ, ಇವಳು ನಗುವುದನ್ನೂ ಮರೆತು ಅವನನ್ನೇ ನೋಡುತ್ತಿದ್ದಳು. ಆ ಮನುಷ್ಯ ಈಗ ಎದುರಿಗಿದ್ದಾನೆ... ಆದರೆ ವರನಾಗಿ ಅಲ್ಲ, ವೀಸಾ ಆಗಿ.

ಪಪ್ಪನ ಕೆಲಸ ಖಲಾಸ್. ತಿಂಗಳ ಕೊನೆಗೆ ಅವರ ವೀಸಾ ರದ್ದು. ಅವರ ಹೆಸರಿನಲ್ಲಿರುವ ಇವಳದ್ದೂ.

ಇಪ್ಪತ್ತರ ಅಶ್ವಿತಾಳ ಮುಂದೆ ಮೇಜಿನ ಮೇಲೆ ಎರಡು ಕಾಲೇಜುಗಳ ಕಾಗದಗಳಿದ್ದವು. ದೋಹಾದಲ್ಲಿ ಎರಡು ವರ್ಷ ಪ್ರಿ-ಮೆಡಿಕಲ್, ಆಮೇಲೆ ನಾಲ್ಕು ವರ್ಷ ಡಾಕ್ಟರ್ ಓದು, ಪೂರ್ತಿ ಸ್ಕಾಲರ್‌ಶಿಪ್. ಮಂಗಳೂರಿನಲ್ಲಿ ಬರೀ ಬಿ.ಎಸ್ಸಿ. ಎರಡರಲ್ಲೊಂದನ್ನು ಇವತ್ತು ಮೂರು ಗಂಟೆಯೊಳಗೆ ಒಪ್ಪಬೇಕು.

"ಮದುವೆಯಾದ್ರೆ ಗಂಡನ ಹೆಸರಲ್ಲಿ ವೀಸಾ ಆಗ್ತದೆ, ಇಲ್ಲೇ ಓದ್ಬಹುದು ಮಗಾ," ಎಂದಿದ್ದರು ಪಪ್ಪ. ಸುಶಾಂತನನ್ನೂ ಅವರೇ ಕೇಳಿದ್ದರು.

"ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟ್‌ನಿಂದ ನೈಟ್ ಶಿಫ್ಟ್ ಮುಗಿಸಿ ಬಂದದ್ದಲ್ವಾ? ನಿದ್ದೆಗಣ್ಣಲ್ಲಿ ಹೂಂ ಅಂದಿರ್ಬೇಕು," ಎಂದು ಅಶ್ವಿತಾ ಅವನನ್ನು ಚುಚ್ಚಿದಳು.

"ನಿದ್ದೆ ಎಲ್ಲಿ ಮಾರಾಯ್ರೆ! ನಿಮ್ಮ ಪಪ್ಪ ಕೇಳಿದ ಮೇಲೆ ನಿದ್ದೆಯೇ ಬರ್ಲಿಲ್ಲ."

"ನಾನು ಆರು ವರ್ಷ ಓದ್ಬೇಕು. ವೀಸಾಕ್ಕಾಗಿ ಕಟ್ಟಿಕೊಂಡವಳು ಅಂತ ಒಂದು ದಿನವೂ ಹೇಳುದಿಲ್ಲ ಅಂತ ಮಾತು ಕೊಡ್ತೀರಾ?"

ಅವನು ದೋಹಾ ಕಾಲೇಜಿನ ಕಾಗದಗಳನ್ನು ತೆಗೆದುಕೊಂಡು ಪುಟ ತಿರುವಿದ. ಕೊನೆಯ ಫಾರ್ಮಿನಲ್ಲಿ ಅವನ ಕಣ್ಣು ನಿಂತಿತು.

"ಇದು ನನ್ನ ಹತ್ರ ಇರ್ಲಿ. ಎರಡೂವರೆವರೆಗೆ ಎಂತ ತೀರ್ಮಾನವೂ ಬೇಡ."

ಎದ್ದು ಹೊರಟೇ ಹೋದ!

ಒಂದು ಗಂಟೆ ಕಳೆಯಿತು. ಫೋನ್ ಮಾಡಿದಳು, ಎತ್ತಲಿಲ್ಲ. ಹತ್ತು ಸಲ ಮಾಡಿದಳು.

ತಪ್ಪಿಸಿಕೊಂಡ... ಆರು ವರ್ಷ ಅಂದದ್ದೇ ತಡ, ತಪ್ಪಿಸಿಕೊಂಡ!

ಅಳು ಬರಲಿಲ್ಲ. ಎದೆಯೊಳಗೆ ಏನೂ ಇಲ್ಲದ ಹಾಗೆ. ಓದೂ ಹೋಯಿತು, ಅವನೂ ಹೋದ. ಎರಡೂವರೆ ದಾಟಿತು. ಮೊಬೈಲಿನಲ್ಲಿ ಮಂಗಳೂರಿನ ಕಾಲೇಜಿನ ಪುಟ ತೆರೆದಳು. 'ಒಪ್ಪಿಗೆ' ಎಂಬ ಗುಂಡಿಯ ಮೇಲೆ ಬೆರಳಿಟ್ಟಳು.

"ಒತ್ತಿದ್ರಾ?"

ಸುಶಾಂತ್ ಏದುಸಿರು ಬಿಡುತ್ತಾ ನಿಂತಿದ್ದ. ಅಂಗಿ ಬೆವರಿನಿಂದ ತೊಯ್ದಿತ್ತು.

"ಇನ್ನೂ ಇಲ್ಲ... ಫೋನ್ ಎತ್ಲಿಕ್ಕೆ ಏನಾಗಿತ್ತು ನಿಮಗೆ?"

"ಪ್ಲಾಂಟ್‌ನೊಳಗೆ ಫೋನ್ ಬಿಡುದಿಲ್ಲ. ರಾತ್ರಿ ಸೈಲೆಂಟ್ ಮಾಡಿ ಲಾಕರಲ್ಲಿ ಇಟ್ಟದ್ದು, ಆಮೇಲೆ ಸರಿ ಮಾಡ್ಲಿಕ್ಕೆ ಮರೆತೇಹೋಯ್ತು. ಒಂದು ವಿಷಯ ಕೇಳ್ಲಿಕ್ಕೆ ಕಾಲೇಜಿಗೆ ಹೋಗಿದ್ದೆ." ಫಾರ್ಮನ್ನು ಮೇಜಿನ ಮೇಲೆ ಹರಡಿದ. "ಇಲ್ನೋಡಿ. 'ಸ್ಪಾನ್ಸರ್', ಅಂದ್ರೆ ವೀಸಾ ಯಾರ ಹೆಸರಲ್ಲಿ ಅಂತ ಕೇಳಿದಲ್ಲಿ ಪಪ್ಪನ ಹೆಸರು ಬರ್ದಿದ್ದೀರಿ."

"ಮತ್ತೆ ಯಾರ ಹೆಸರು ಬರಿಬೇಕಿತ್ತು?"

"ಕೆಳಗೆ 'ಕಾಲೇಜು' ಅಂತ ಇನ್ನೊಂದು ಚೌಕ ಉಂಟು. ಅಪ್ಪ, ಗಂಡ, ಕಂಪೆನಿ... ನಮಗೆ ಗಲ್ಫಿನವರಿಗೆ ಈ ಮೂರೇ ಗೊತ್ತು! ಅಲ್ಲಿ ಟಿಕ್ ಹಾಕಿದ್ರೆ ವೀಸಾ ಅವರದ್ದೇ, ಹಾಸ್ಟೆಲೂ ಅವರದ್ದೇ." ನಗಲು ಪ್ರಯತ್ನಿಸಿದ, ಆಗಲಿಲ್ಲ. "ನಾನು ಬೇಕಾಗಿಲ್ಲ ನಿಮಗೆ."

ಅಶ್ವಿತಾ ದೋಹಾ ಕಾಲೇಜಿನ ಪುಟ ತೆರೆದು ಅಲ್ಲೂ ಇದ್ದ ಆ ಚೌಕಕ್ಕೆ ಟಿಕ್ ಹಾಕಿದಳು. ಒಪ್ಪಿಗೆ ಒತ್ತಿದಳು. ಎರಡು ನಲವತ್ತೊಂದು. ಆಗ ಅಳು ಬಂತು.

"ಸುಮ್ಮನಿದ್ದಿದ್ರೆ ಮದುವೆ ಆಗ್ತಿತ್ತಲ್ಲ... ಯಾಕೆ ಓಡಿದ್ದು?"

"ಬೇರೆ ದಾರಿ ಇಲ್ಲದೆ ಹೂಂ ಅಂದವಳು ನನಗೆ ಬೇಡ."

"ನಾನು ಮೊದಲು ಕೇಳಿದ್ದಕ್ಕೆ ಉತ್ತರ ಕೊಡ್ಲೇ ಇಲ್ಲ ನೀವು."

ಅವನು ಮೇಜನ್ನೇ ನೋಡುತ್ತಾ ಹೇಳಿದ, "ನಾಟಕದಲ್ಲಿ ನನ್ನ ಮಾತಿಗೆ ಎಲ್ಲರೂ ನಗ್ತಾರೆ. ಮೂರನೇ ಸಾಲಿನಲ್ಲಿ ಒಬ್ಬಳು ಮಾತ್ರ ನಗುದಿಲ್ಲ. ಎರಡು ವರ್ಷದಿಂದ ಅವಳೊಬ್ಬಳು ನಗಲಿ ಅಂತ ಆಡ್ತಿದ್ದೇನೆ."

ಅಶ್ವಿತಾ ಕಣ್ಣೀರಿನಲ್ಲೇ ನಕ್ಕುಬಿಟ್ಟಳು.

"ಆರು ವರ್ಷ ಉಂಟು, ಸುಶಾಂತ್..."

"ಇರ್ಲಿ. ಚಹಾ ತಣ್ಣಗಾಯ್ತು. ಇನ್ನೊಂದು ತರಿಸ್ಲಾ?"

"ಎರಡು ತರಿಸು."