ಬೆಂಚಿನ ಮೇಲೆ ಚಂಡೆ ಬಂದ್

"ಬೆಂಚಿನ್ ಮೇಲೆ ಯಾರೂ ಚಂಡೆ ಬಡೂಕಾಗ. ಇದ್ ಕಾನೂನ್!" ಪೂಜಿತಾ ಸ್ಕೇಲಿನಿಂದ ಕರಿಹಲಗೆಗೆ ಟಪ್ ಎಂದು ಹೊಡೆದಳು.

ಬಿಜೂರಿನ ಶಾಲೆಯ ಬಯಲಿನಲ್ಲಿ ಯಕ್ಷಗಾನ ಆದ ಮರುದಿನದಿಂದ ಆರನೇ ಕ್ಲಾಸಿನ ಬೆಂಚುಗಳೆಲ್ಲ ಚಂಡೆಗಳಾಗಿದ್ದವು. ಸದ್ದು ಕೇಳಿ ಪಕ್ಕದ ಒಂದನೇ ಕ್ಲಾಸಿನವರು ಮಗ್ಗಿ ಬಿಟ್ಟು ಕುಣಿಯುತ್ತಿದ್ದರು.

"ಇನ್ನೊಂದ್ ಸಲ ಸದ್ದು ಕೇಳಿದ್ರೆ ನಿಮ್ಮ ವಾಲಿಬಾಲ್ ನನ್ನ ಕಪಾಟಿಗೆ," ಎಂದು ಹೆಡ್ಮಾಷ್ಟ್ರು ಲೀಡರ್ ಪೂಜಿತಾಳಿಗೆ ಹೇಳಿ ಹೋಗಿದ್ದರು. ಶನಿವಾರ ಏಳನೇ ಕ್ಲಾಸಿನ ಮೇಲೆ ಮ್ಯಾಚ್ ಬೇರೆ!

ಬೆಂಚು ಸುಮ್ಮನಾಯಿತು. ಊಟದ ಬಟ್ಟಲು ಶುರುವಾಯಿತು.

"ಸಚಿನಾ!"

"ಎಂತ ಮಾರಾಯ್ತಿ? ಇದ್ ಬೆಂಚಾ? ಬಟ್ಲ್ ಅಲ್ದಾ?"

ಹಲಗೆಯ ಮೇಲೆ 'ಬಟ್ಟಲೂ ಬಂದ್' ಎಂದು ಬಂತು. ರತೀಶ್ ಕೆನ್ನೆ ಉಬ್ಬಿಸಿ ಬಡಿದ. ಕೆನ್ನೆಯೂ ಬಂದ್. ಬೆಂಚಿನಡಿ ಕಾಲುಗಳು ಕುಟ್ಟಿದವು. ಕಾಲೂ ಬಂದ್. ಹಲಗೆಯಲ್ಲಿ ಲೆಕ್ಕ ಬರೆಯಲು ಜಾಗವೇ ಉಳಿಯಲಿಲ್ಲ.

ಸಚಿನ್ ಎದ್ದು ನಿಂತು, ರಾಜವೇಷದವರ ದನಿ ತೆಗೆದ. "ಎಲೈ ಮಂತ್ರಿಯೇ! ನಮ್ಮ ರಾಜ್ಯದಲ್ಲಿ ಉಸಿರಾಡಲು ಪರ್ಮಿಷನ್ ಉಂಟೋ?"

ಪೂಜಿತಾ ತುಟಿ ಕಚ್ಚಿಕೊಂಡು ನಗು ತಡೆದಳು.

ಶುಕ್ರವಾರ ಕ್ಲಾಸು ಗಪ್‌ಚಿಪ್. ಎಲ್ಲರೂ ಕಾಪಿ ಬರೆಯುತ್ತಿದ್ದರು. 'ನನ್ನ ಕಾನೂನು ಗೆದ್ದಿತು' ಎಂದು ಪೂಜಿತಾ ಕಿಟಕಿಯಾಚೆ ನೋಡುತ್ತ ನಿಂತಳು.

ಟಕ ಟಕ ಧೀಂ. ಟಕ ಟಕ ಧೀಂ.

ತಟ್ಟನೆ ತಿರುಗಿದಳು. ಸಚಿನ್ ಎರಡೂ ಕೈ ತಲೆಯ ಮೇಲಿಟ್ಟುಕೊಂಡಿದ್ದ. ರತೀಶನ ಕೈಗಳು ಕಂಕುಳಲ್ಲಿ. ಎಲ್ಲರೂ ಅವಳ ಕೈಯಲ್ಲಿದ್ದ ಸ್ಕೇಲನ್ನೇ ನೋಡುತ್ತಿದ್ದರು. ಅದು ಕಿಟಕಿಯ ದಂಡೆಯ ಮೇಲೆ ಇನ್ನೂ ಕುಣಿಯುತ್ತಿತ್ತು!

ಬಾಗಿಲಲ್ಲಿ ಹೆಡ್ಮಾಷ್ಟ್ರು. "ಯಾರದು?"

ಪೂಜಿತಾಳ ಕಣ್ಣ ಮುಂದೆ ವಾಲಿಬಾಲ್ ಉರುಳಿ ಕಪಾಟು ಸೇರಿತು.

"ನಾನೇ ಸರ್. ನಂಗೇ ಗೊತ್ತಾಯ್ಲಿಲ್ಲೆ." ಆಮೇಲೆ ಮೆಲ್ಲಗೆ, "ಸರ್, ಊಟ ಆದ್ಮೇಲೆ ಗೇರುಮರದಡಿ ಬಡೂಕಕ್ಕಾ? ಅಲ್ಲಿಂದ ಒಂದನೇ ಕ್ಲಾಸಿಗೆ ಕೇಂತಿಲ್ಲೆ."

"ಆಮೇಲೆ ಕ್ಲಾಸಿನಲ್ಲಿ ಬಡಿಯೋದಿಲ್ವಾ?"

ಪೂಜಿತಾ ಯೋಚಿಸಿದಳು. "ಕಮ್ಮಿ ಆತ್ತ್ ಸರ್."

ಹೆಡ್ಮಾಷ್ಟ್ರ ಮೀಸೆ ಅಲುಗಿತು. "ಗೇರುಮರದಡಿ ಮಾತ್ರ. ಬಾಲ್ ಸದ್ಯಕ್ಕೆ ನಿಮ್ಮ ಹತ್ರವೇ ಇರಲಿ," ಎಂದು ಹೊರಟರು.

ಪೂಜಿತಾ ಹಲಗೆ ಒರೆಸಿದಳು.

"ಹ್ವಾಯ್ ಮಂತ್ರಿ, ಹೊಸ ಕಾನೂನ್ ಎಂತ?" ಎಂದ ಸಚಿನ್.

ಊಟದ ಬೆಲ್ ಹೊಡೆಯಿತು. ಅವಳು ಸ್ಕೇಲನ್ನು ಅವನ ಕೈಗಿತ್ತಳು.

"ಹಿಡ್ಕೊ. ಕೋಲ್ ಇಲ್ದೆ ಚಂಡೆ ಬಡೂದ್ ಹ್ಯಾಂಗೆ?"