ಬುಡದಲ್ಲಿ ಬಿಡುವ ಹಣ್ಣು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ಕಂಡದ್ದನ್ನಷ್ಟೇ ಹೇಳುತ್ತೇನೆ.

ಬೋರ್ನಿಯೋದ ಕಾಡಿನೊಳಗೆ, ನಮ್ಮವರ ಹತ್ತಾರು ಸಂಸಾರ ಒಂದೇ ಸೂರಿನಡಿ ಬಾಳಿದ ಹಳೆಯ ಉದ್ದಮನೆ ಇದ್ದ ಜಾಗದಲ್ಲಿ, ಅಜ್ಜಿ ನೆಟ್ಟ ಆಮೆ ದುರಿಯನ್ ಮರವಿದೆ. ಅದರ ಮುಳ್ಳುಹಣ್ಣು ಕೊಂಬೆಯಲ್ಲಿ ಬಿಡುವುದಿಲ್ಲ. ಕಾಂಡದ ಬುಡಕ್ಕೇ ಅಂಟಿಕೊಂಡು, ನೆಲಕ್ಕೊರಗಿ ಆಮೆಗಳ ಹಾಗೆ ಕೂತಿರುತ್ತದೆ. ಕೊನೆಯ ಕಾಯಿಲೆಯಲ್ಲಿ ಅಜ್ಜಿ ಅದರ ಒಂದು ತೊಳೆ ಬೇಡಿದ್ದಳು. ನನ್ನ ಅಣ್ಣ ಉಂಗಾತ್, ಕೆಲಸದಾಸೆಗೆ, ಅಷ್ಟೂ ಹಣ್ಣನ್ನು ಕಾಡಿನ ಮರ ಕಡಿಸುವ ಸಾಹೇಬನಿಗೆ ಹೊತ್ತೊಯ್ದು ಕೊಟ್ಟ.

"ಸಾಯೋ ಬಾಯಿಗೆ ರುಚಿ ಯಾಕೆ?" ಅಂದಿದ್ದ.

ಅವನು ಮರಳುವಷ್ಟರಲ್ಲಿ ಅಜ್ಜಿ ಹೋಗಿದ್ದಳು. ಕೆಲಸವೂ ಸಿಗಲಿಲ್ಲ.

ಮರ ಮತ್ತೆ ಫಲ ಬಿಟ್ಟ ವರ್ಷ ನಾವಿಬ್ಬರೂ ಒಂದು ಮಧ್ಯಾಹ್ನ ಅಲ್ಲಿಗೆ ಹೋದೆವು. ದಾರಿಯುದ್ದಕ್ಕೂ ಕಿರುಗುಟ್ಟುತ್ತಿದ್ದ ಜೀರುಂಡೆಗಳು ಮರದ ಹತ್ತಿರ ಬಂದಾಗ ಸುಮ್ಮನಾದವು. ದಟ್ಟ ನೆರಳಿನಲ್ಲಿದ್ದರೂ ಹಣ್ಣು ಜ್ವರ ಬಂದ ಮೈಯಂತೆ ಸುಡುತ್ತಿತ್ತು.

"ಅದೇನು ನೋಡ್ತಾ ನಿಂತೆ? ಸೀಳೇ," ಅಂದ ಅಣ್ಣ.

ಸೀಳಿದೆ. ಒಳಗೆ ತೊಳೆಯೇ ಇರಲಿಲ್ಲ. ಬರೀ ಬೀಜಗಳಿದ್ದವು, ಯಾರೋ ಚೀಪಿ ಇಟ್ಟ ಹಾಗೆ ಬೋಳಾಗಿ. ಇನ್ನೊಂದು ಹಣ್ಣಿನಲ್ಲೂ ಅಷ್ಟೇ.

"ಇಲಿ ತಿಂದಿರ್ಬೇಕು," ಅಂದ.

"ಇಲಿ ಹೊಕ್ಕ ತೂತು ತೋರಿಸಣ್ಣ."

ಅವನು ಮೂರನೆಯ ಹಣ್ಣನ್ನು ಕಿತ್ತು, ತಿರುಗಿಸಿ ತಿರುಗಿಸಿ ನೋಡಿದ. ಸಿಪ್ಪೆ ಇಡಿಯಾಗಿತ್ತು. ಅದನ್ನು ಸೀಳುವ ಧೈರ್ಯವಾಗದೆ ಕೆಳಗಿಟ್ಟು, ನನ್ನನ್ನು ಅಲ್ಲೇ ಬಿಟ್ಟು ನಡೆದುಬಿಟ್ಟ.

ನಾನೇ ಅದನ್ನು ಸೀಳಿ ಒಂದು ಬೀಜ ಎತ್ತಿಕೊಂಡೆ. ಅದು ಎಂಜಲಿನಿಂದ ಇನ್ನೂ ಒದ್ದೆಯಾಗಿತ್ತು.