ಇಳಿಸದ ಹೆದೆ

"ಬಾಣ ಇಲ್ಲದ ಹೆದಿ ಬಿಡಬ್ಯಾಡ್ರಿ, ಬಿಲ್ಲು ಮುರೀತೈತಿ!"

ಸಪ್ನಾಳ ಕೈ ಆ ಅಪರಿಚಿತನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಬಿಟ್ಟಿತ್ತು.

ಹಿಡಿದ ಮೇಲೆ ಅವಳಿಗೇ ಗಾಬರಿ! ಗದಗಿನಲ್ಲಿರುವ ಅಪ್ಪನ ಈ ಕ್ರೀಡಾಸಾಮಾನಿನ ಅಂಗಡಿಯಲ್ಲಿ ಕೂತಾಗ ಗಿರಾಕಿಗಳ ಮುಖ ನೋಡಲೂ ನಾಚುವವಳು ಅವಳು.

ಅವನು ನಿಧಾನವಾಗಿ ಹೆದೆ ಸಡಿಲಿಸಿದ. ಬಿಲ್ಲಿನೊಳಗೆಲ್ಲೋ 'ಕಿರ್ರ್' ಎಂದಿತು. ಅವನಿಗೆ ಕೇಳಲಿಲ್ಲ. ಅವಳಿಗೆ ಕೇಳಿತು...

"ನಾ ಭೀಮೇಶ ಅಂತ್ರಿ, ಲಕ್ಷ್ಮೇಶ್ವರದಾಂವ. ಇದು ನಮ್ಮಣ್ಣ ವೀರೂನ ಪಂದ್ಯದ ರಿಕರ್ವ್ ಬಿಲ್ಲು. ಅಂವ ತೀರಿಕೊಂಡ. ಇನ್ನ ನಾ ಹಿಡೀಬೇಕಂತ ಅವ್ವನ ಆಸೆ. ಕಡೀತನಕ ಬಾಳಿಕಿ ಬರಬೇಕು. ಇದಽ ಸಾಕೋ, ಹೊಸಾದು ಬೇಕೋ?"

"ಹೆದಿ ಯಾವಾಗ ಇಳಿಸಿದ್ರಿ?"

"ಇಳಿಸೇ ಇಲ್ಲ. ಅಣ್ಣ ಕೈಯಾರೆ ಏರಿಸಿದ್ದು, ಅವ್ವ ಯಾರಿಗೂ ಮುಟ್ಟಗೊಡೂದಿಲ್ಲ. ತಗಡಿನ ಮನ್ಯಾಗ ಅವನ ಫೋಟೋ ಬಾಜೂಕ ತೂಗಹಾಕಿ ದಿನಾ ದೀಪ ಹಚ್ಚತಾಳ."

ಸಪ್ನಾ ಬಿಲ್ಲನ್ನು ತನ್ನ ಕೈಗೆ ತೆಗೆದುಕೊಂಡಳು. ಕಾದ ತಗಡಿನ ಕೆಳಗೆ, ಒಂದು ದಿನವೂ ಬಿಡುವಿಲ್ಲದೆ ಬಾಗಿಯೇ ನಿಂತ ಬಿಲ್ಲು!

ಅವಳು ಒಂದು ಚೂರು ಹತ್ತಿಯನ್ನು ಬಿಲ್ಲಿನ ಮೈಮೇಲೆ ಮೆಲ್ಲಗೆ ಎಳೆದಳು. ಮೇಲ್ತುದಿಯ ಹತ್ತಿರ ಒಂದು ಎಳೆ ಸಿಕ್ಕಿಕೊಂಡಿತು. ಕಣ್ಣಿಗೆ ಕಾಣದ ಸೀಳು!

"ಹಳೇದಂತ ದೂರಾಕತ್ತಿಲ್ರಿ... ಹೆದಿ ಇಳಿಸಿ, ತಂಪ ಜಾಗಾದಾಗ ಇಟ್ಟಿದ್ರ ಇದನ್ನಽ ಹಿಡೀರಿ ಅಂತಿದ್ದೆ. ಈಗ ಇದರ ಪದರ ಬಿಟ್ಟಾವು. ಹೊಸಾದು ತಗೋರಿ."

ಅವನ ಮುಖ ಬಿಗಿಯಿತು. "ಅಣ್ಣನ ಬಿಲ್ಲಿಗೆ ಹೆಸರಿಟ್ಟು ನಿಮ್ಮ ಮಾಲು ಮಾರತೀರೇನ್ರಿ? ಹತ್ತಿ ಗ್ವಾಡಿಗೂ ಸಿಕ್ಕೋತೈತಿ!"

ಸಿಟ್ಟಿನಿಂದ ಹೋದವನು ಬಾಣಕ್ಕೆಂದು ಮತ್ತೆ ಬಂದ. ಹೆದೆ ಎಳೆಯುವಾಗ ತೊಡುವ ಬೆರಳಪಟ್ಟಿ ಮರೆತೆನೆಂದು ಇನ್ನೊಮ್ಮೆ ಬಂದ.

"ಏನಂತೈತ್ರಿ ನಿಮ್ಮ ಹತ್ತಿ?" ಎಂದು ಕೆಣಕುವಾಗ ಅವನ ಕಣ್ಣುಗಳು ನಗುತ್ತಿದ್ದವು.

"ಅದನ್ನ ಎಳೀಬ್ಯಾಡ್ರಿ..." ಅವಳ ಬಾಯಿಂದ ಅಷ್ಟೇ ಮಾತು.

"ರವಿವಾರ ನಮ್ಮೂರ ಮೈದಾನಕ್ಕ ಬರ್ರಿ. ಅಣ್ಣನ ಬಿಲ್ಲು ಏನಂತ ತೋರಿಸ್ತೀನಿ."

'ಆ ಬಿಲ್ಲು ಮುರಿಯುವುದು ಮುಖದ ಹತ್ತಿರವೇ... ನಗುವ ಆ ಕಣ್ಣುಗಳ ಹತ್ತಿರವೇ...' ಎಂದುಕೊಳ್ಳುತ್ತಲೇ ಅವಳು ಲಕ್ಷ್ಮೇಶ್ವರದ ಬಸ್ಸಿನ ಹೊತ್ತು ಕೇಳಿಟ್ಟುಕೊಂಡಳು.

ರವಿವಾರ ಬಸ್ಸಿಳಿದಾಗ ಒಂದು ಎಲೆಯೂ ಅಲುಗಾಡುತ್ತಿರಲಿಲ್ಲ. ಬೆಂಕಿಯಂಥ ಬಿಸಿಲು. ಮೈದಾನದಲ್ಲಿ ಅವನ ತಾಯಿ ಅನ್ನಪೂರ್ಣವ್ವ ಬಿಲ್ಲಿಗೆ ಕುಂಕುಮ ಹಚ್ಚಿ ಹಿಂದೆ ಸರಿಯುತ್ತಿದ್ದರು.

ಭೀಮೇಶ ಬಾಣ ಹೂಡಿದ. ಹೆದೆ ಅವನ ಕೆನ್ನೆಯವರೆಗೆ ಬಂತು. ಬಿಲ್ಲಿನ ಮೇಲ್ತುದಿ ಸೊಟ್ಟಗೆ ತಿರುಗಿದ್ದು ಸಪ್ನಾಗೆ ದೂರದಿಂದಲೇ ಕಂಡಿತು.

"ಭೀಮೇಶ! ಇಳಸ್ರಿ! ನಿಮ್ಮ ಕಣ್ಣು ನನಗ ಬೇಕು!"

ಮೈದಾನವೇ ಅವಳತ್ತ ತಿರುಗಿತು. ಯಾರೋ ಕಿಸಕ್ಕನೆ ನಕ್ಕರು. ಅವನು ಮಾತ್ರ ನಗಲಿಲ್ಲ. ಅವಳನ್ನೇ ನೋಡುತ್ತಾ ಬಿಲ್ಲನ್ನು ಮುಖದಿಂದ ಕೆಳಗಿಳಿಸತೊಡಗಿದ...

ಫಟಾರ್!

ಬಿಲ್ಲು ಸೀಳಿಹೋಯಿತು. ಚೂರೊಂದು ಅವನ ಹುಬ್ಬನ್ನು ಕೊಯ್ದುಕೊಂಡು ಹಾರಿತು. ಮುಖದ ತುಂಬ ರಕ್ತ!

ಓಡಿಹೋದ ಸಪ್ನಾ ಸೆರಗಿನಿಂದ ಹುಬ್ಬನ್ನು ಒತ್ತಿ ಹಿಡಿದಳು. ಕಣ್ಣು ತೆರೆಯಿತು. ಉಳಿದಿತ್ತು.

ಅನ್ನಪೂರ್ಣವ್ವ ಕುಸಿದು ಕೂತರು. "ಹೆದಿ ಇಳಿಸಗೊಡದಾಕಿ ನಾನಽ ಯವ್ವಾ... ಹೋದ ಮಗನ್ನ ಹಿಡ್ಕೊಳ್ಳಾಕ ಹೋಗಿ ಇದ್ದ ಮಗನ್ನ..."

"ನೀ ಖರೇನ ಹೇಳಿದ್ದಿ. ನಾ ಕೇಳಲಿಲ್ಲ," ಎಂದ ಭೀಮೇಶ ಸಪ್ನಾಳನ್ನು ನೋಡುತ್ತಾ ಮೆಲ್ಲಗೆ. 'ರಿ' ಬಿಟ್ಟುಹೋಗಿತ್ತು. ಇಬ್ಬರಿಗೂ ಅದು ತಿಳಿಯಲಿಲ್ಲ.

ಗಾಯ ಮಾಗಿದ ಮೇಲೆ ಅವನು ಹೊಸ ಬಿಲ್ಲಿಗಾಗಿ ಅಂಗಡಿಗೆ ಬಂದ. ಅವಳು ಒಂದನ್ನು ಆರಿಸಿ ಅದರ ಮೇಲೆ ಹತ್ತಿ ಎಳೆದಳು. ಇಬ್ಬರೂ ಉಸಿರು ಬಿಗಿಹಿಡಿದರು. ಎಲ್ಲೂ ಸಿಕ್ಕಲಿಲ್ಲ.

"ಅಣ್ಣಾರ ಹೆದಿ ಏನಾತ್ರಿ?"

"ಅವ್ವ ತಾನಽ ಬಿಚ್ಚಿ ಸಿಂಗಟಾಲೂರ ಹೊಳಿಗೆ ಬಿಟ್ಟಳು."

"ಇದರ ಹೆದಿ ದಿನಾ ಇಳಿಸಬೇಕು. ತಗಡಿನ ಕೆಳಗ ಇಡಬಾರದು. ತಂಪ ಜಾಗಾ ಐತೇನ್ರಿ ಮನ್ಯಾಗ?"

"ನನಗೇನ ತಿಳೀತೈತಿ? ನೀನಽ ಬಂದು ಆರಿಸು. ನಮ್ಮ ಮನಿ ತುಂಬಾಕ ಯಾವಾಗ ಬರ್ತಾಳ ಅಂತ ಅವ್ವನೂ ಕೇಳಾಕತ್ತಾಳ."

ಸಪ್ನಾ ತಲೆ ತಗ್ಗಿಸಿ, ಬಿಲ್ಲಿನ ಹೆದೆಯನ್ನು ತಾನೇ ಇಳಿಸಿ ಅವನ ಕೈಗಿಟ್ಟಳು.

"ಬರ್ತೀನಿ."